ಅಕ್ಕಿಗೊಂದು ಪೇಟೆ, ರಾಗಿಗೊಂದು ಪೇಟೆ

ನಾನು ಮಾಗಡಿ ತಾಲ್ಲೂಕಿನ ಕಲ್ಯದವನು. ಮೊನ್ನೆ ಆ್ಯಪ್‌ನಲ್ಲಿ ಹಳೇ ಅಕ್ಕಿ ರೇಟು ಕೊಟ್ಟು ಅಕ್ಕಿ ತರಿಸಿದೆ. ಅಮ್ಮ ಒಂದು ಹಿಡಿ ಅಂಗೈಗೆ ಹಾಕ್ಕೊಂಡು ನೋಡಿ, "ಹೊಸಕ್ಕಿ ಕಣೋ, ಅನ್ನ ಮುದ್ದೆಯಾಗುತ್ತೆ" ಅಂದ್ರು.

1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಪೇಟೆ ನೆನಪಾಯ್ತು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ನಮ್ಮ ಮಾಗಡಿಯಿಂದ ಆಳಿದ್ದು ಇವರದೇ ವಂಶ. ಆ ಪೇಟೆಯಲ್ಲಿ ಒಂದೊಂದು ಸರಕಿಗೆ ಒಂದೊಂದು ಬೀದಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ.

ಕಾಮರ್ಸ್ ಓದಿದ ನನಗೆ ಇದರ ಲೆಕ್ಕ ಇಷ್ಟ. ಅಕ್ಕಿ ಅಂಗಡಿಗಳೆಲ್ಲ ಅಕ್ಕಪಕ್ಕ ಇದ್ರೆ ರೇಟು, ಗುಣಮಟ್ಟ, ತಳಿ ಮೂರನ್ನೂ ನಾಲ್ಕು ಹೆಜ್ಜೆಯಲ್ಲೇ ಹೋಲಿಸಬಹುದು. ಒಬ್ಬ ಜಾಸ್ತಿ ಹೇಳಿದ್ರೆ ಪಕ್ಕದವನಿದ್ದಾನೆ. ಆದ್ರೆ ರಾಗಿ ಬೇಕಂದ್ರೆ ಮತ್ತೊಂದು ಬೀದಿಗೆ ನಡೀಬೇಕು.

ಆ್ಯಪ್ ಆ ನಡಿಗೆ ಉಳಿಸಿತು, ನಿಜ. ಕಾಳು ಮಾತ್ರ ದುಡ್ಡು ಕೊಟ್ಟ ಮೇಲೇ ಅಂಗೈಗೆ ಬರೋದು. ಮುಂದಿನ ಸಲ ಅಕ್ಕಿಗೆ ಅಮ್ಮನ ಜೊತೆ ಅಂಗಡಿಗೇ ಹೋಗ್ತೀನಿ.