ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಕನ್ನಡತಿ

ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಸಂತ ತ್ಯಾಗರಾಜರು 1767ರಲ್ಲಿ ತಿರುವಾರೂರಿನಲ್ಲಿ ಜನಿಸಿದರು. ಕಾವೇರಿ ತೀರದ ತಿರುವೈಯಾರಿನಲ್ಲಿ ಉಂಛವೃತ್ತಿಯಿಂದ ಬದುಕುತ್ತ, ಶ್ರೀರಾಮನ ಮೇಲೆ ತೆಲುಗಿನಲ್ಲಿ ನೂರಾರು ಕೃತಿಗಳನ್ನು ರಚಿಸಿದರು. 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ನಮ್ಮ ಪುರಂದರದಾಸರನ್ನೂ ಸ್ಮರಿಸಿದ್ದಾರೆ. ರಾಮನನ್ನು ಬಿಟ್ಟು ಬೇರೆ ದೇವರನ್ನು ಅವರು ಹಾಡಲಿಲ್ಲ ಎಂದುಕೊಂಡವರು ಚೆನ್ನೈ ಕಡೆಯ ಕೃತಿಗಳನ್ನು ಕೇಳಬೇಕು. ಮದರಾಸಿಗೆ ಬಂದಿದ್ದಾಗ ಅವರು ಕೋವೂರಿನ ಸುಂದರೇಶ್ವರನ ಮೇಲೆ ಐದು, ತಿರುವೊಟ್ಟಿಯೂರಿನ ತ್ರಿಪುರಸುಂದರಿಯ ಮೇಲೆ ಐದು ಕೃತಿಗಳನ್ನು ರಚಿಸಿದರು.

1847ರಲ್ಲಿ ತ್ಯಾಗರಾಜರು ನಿಧನರಾದರು. ಕಾಲಕ್ರಮೇಣ ಪಾಳುಬಿದ್ದ ಅವರ ಸಮಾಧಿಯನ್ನು ಉಳಿಸಿದವರು ಮದರಾಸಿನಲ್ಲಿ ನೆಲೆಸಿದ್ದ ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ ಹುಟ್ಟಿದ ಈ ದೇವದಾಸಿ ಗಾಯಕಿ 1920ರ ದಶಕದಲ್ಲಿ ತಮ್ಮ ಸಂಪಾದನೆಯನ್ನೇ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಗುಡಿಯಲ್ಲಿ ಹಾಡಲು ಅವಕಾಶವಿಲ್ಲ! ನಾಗರತ್ನಮ್ಮ ಸುಮ್ಮನಾಗಲಿಲ್ಲ. ಗುಡಿಯ ಹಿಂಭಾಗದಲ್ಲಿ ಹೆಂಗಸರದ್ದೇ ಗೋಷ್ಠಿ ಕೂಡಿಸಿ ವರ್ಷ ವರ್ಷವೂ ಹಾಡಿಸಿದರು. 1940ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದ ಬಣಗಳು ಒಂದಾದವು, ಹೆಂಗಸರ ದನಿಯೂ ಸೇರಿತು. 1952ರಲ್ಲಿ ತೀರಿಕೊಂಡ ನಾಗರತ್ನಮ್ಮನವರ ಪ್ರತಿಮೆ ಇಂದಿಗೂ ತ್ಯಾಗರಾಜರ ಸನ್ನಿಧಿಯತ್ತ ಮುಖಮಾಡಿ ಕುಳಿತಿದೆ.