ಕೈಗಡಿಯಾರ ಹೇಳಿದ ಸತ್ಯ

ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆಗೇ ನೆಲ ಬಿಡುತ್ತವೆಯೇ? 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ಇದಕ್ಕೆ ಉತ್ತರ ಹುಡುಕಿದ. ಬಿಡುತ್ತವೆ ಎಂದವು ಚಿತ್ರಗಳು. ಮುಂದೆ ಸಿನಿಮಾ ಬಂತು. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರಾದ್ದರಿಂದ ವೇಗಕ್ಕೆ ಒಂದು ನಿಯಮವಿರಲಿಲ್ಲ. ಮಾತು ಬಂದ ಮೇಲೆ ವೇಗ ತಪ್ಪಿದರೆ ದನಿಯೂ ಕೆಡುತ್ತದಲ್ಲ! ಹಾಗಾಗಿ ಸೆಕೆಂಡಿಗೆ 24 ಚಿತ್ರ ಎಂದು ನಿಗದಿಯಾಯಿತು.

ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಕಂಪ್ಯೂಟರಿನ ಕಾರ್ ಓಟದ ಆಟದಲ್ಲಿ ಹಾಗಲ್ಲ. ನಾವು ಸ್ಟಿಯರಿಂಗ್ ತಿರುಗಿಸಿದಂತೆ ಪ್ರತಿ ಚಿತ್ರವನ್ನೂ ಯಂತ್ರ ಆಗಿಂದಾಗ್ಗೆ ಬರೆಯಬೇಕು. ಇಂಗ್ಲೆಂಡಿನ ಜೆಫ್ ಕ್ರಾಮಂಡ್ 1984ರಲ್ಲಿ 'ರೆವ್ಸ್' ಎಂಬ ಆಟವನ್ನು ಬಿಬಿಸಿ ಮೈಕ್ರೋ ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ ಬರೆದಾಗ, ಅದರ ನೆನಪಿನ ಶಕ್ತಿ ಬರೀ 32 ಕಿಲೋಬೈಟ್. ಅವನದೇ 'ಗ್ರ್ಯಾಂಡ್ ಪ್ರಿ 2' ಬಂದದ್ದು 1996ರಲ್ಲಿ. ಸೆಕೆಂಡಿಗೆ ಎಷ್ಟು ಚಿತ್ರ ಬೇಕೆಂದು ಆಡುವವನೇ ಅದರಲ್ಲಿ ಆರಿಸಿಕೊಳ್ಳಬಹುದಿತ್ತು.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 1998ರಲ್ಲಿ, ಕಾಲೇಜು ಓದುತ್ತಿದ್ದ ತಮ್ಮನ ಓದಿಗೆಂದು. ನಾನು ಆಗಷ್ಟೇ ಶಾಲೆಗೆ ಸೇರಿದ್ದೆ. ಕಂತು ಕಟ್ಟುತ್ತಿದ್ದವಳು ನಾನೇ. ಒಂದು ಸಂಜೆ ಅವನು, "ಅಕ್ಕಾ, ಮೊನಾಕೊ ಒಂದು ನಿಮಿಷ ಇಪ್ಪತ್ನಾಲ್ಕು ಸೆಕೆಂಡ್!" ಎಂದು ಕುಣಿದ. ಇನ್ನೊಮ್ಮೆ ಓಡಿಸು ಎಂದು ಕೈಗಡಿಯಾರ ಬಿಚ್ಚಿ ಹಿಡಿದೆ. ತೆರೆ ಮತ್ತೆ ಅಷ್ಟೇ ಹೇಳಿತು. ನನ್ನ ಗಡಿಯಾರ ಹೇಳಿದ್ದು ಒಂದು ನಿಮಿಷ ನಲವತ್ತೈದು.

ಗುಟ್ಟು ಆಟದೊಳಗೇ ಇತ್ತು. 'ಓ' ಅಕ್ಷರ ಒತ್ತಿದರೆ ಯಂತ್ರದ ಮೇಲಿನ ಹೊರೆ ಶೇಕಡಾವಾರು ಕಾಣುತ್ತಿತ್ತು. ನಮ್ಮದು ನೂರಿಪ್ಪತ್ತೈದರ ಆಸುಪಾಸು. ನೂರು ದಾಟಿದರೆ ಆ ಆಟ ಚಿತ್ರಗಳನ್ನು ಬಿಟ್ಟು ಮುಂದೆ ಹಾರುತ್ತಿರಲಿಲ್ಲ. ತನ್ನ ಕಾಲವನ್ನೇ ನಿಧಾನ ಮಾಡಿಕೊಳ್ಳುತ್ತಿತ್ತು. ತಿರುವಿನಲ್ಲಿ ಯೋಚಿಸಲು ತಮ್ಮನಿಗೆ ಸಿಕ್ಕಿದ್ದು ಕಡ ತಂದ ಸೆಕೆಂಡುಗಳು.

ಅವನ ಮುಖ ಬಾಡಿತು. ಎರಡು ದಿನ ನನ್ನೊಡನೆ ಮಾತಿಲ್ಲ. ಕಂತು ಕಟ್ಟುವವಳ ಅಧಿಕಾರ ತೋರಿಸಿದೆನೇನೋ ಎಂದು ನನಗೂ ಚುಚ್ಚಿತು. ಆಟವಲ್ಲವೆ, ಖುಷಿಪಡಲಿ ಎಂದು ಬಿಡಬಹುದಿತ್ತು.

ಮೂರನೆಯ ದಿನ ಅವನೇ ಕರೆದ. ಆಕಾಶ, ಹುಲ್ಲುಗಳ ಅಲಂಕಾರ ತೆಗೆದಿದ್ದ. ಸೆಕೆಂಡಿನ ಚಿತ್ರಗಳನ್ನೂ ತಗ್ಗಿಸಿದ್ದ. ಹೊರೆ ನೂರರೊಳಗೆ ಬಂದಿತ್ತು. ಓಟ ಕುಲುಕುತ್ತಿತ್ತು, ನೋಡಲು ಬೋಳುಬೋಳು. ಎರಡು ಬಾರಿ ಗೋಡೆಗೆ ಗುದ್ದಿದ. ಕೊನೆಗೆ ಸುತ್ತು ಮುಗಿದಾಗ ಒಂದು ನಿಮಿಷ ಮೂವತ್ತೊಂದು.

"ನಿನ್ನ ಗಡಿಯಾರದಲ್ಲಿ ಎಷ್ಟಕ್ಕಾ?" ಎಂದ.

ಅಷ್ಟೇ ಇತ್ತು.