ನೆಟ್‌ವರ್ಕ್ ಸರ್ವರ್‌ನಲ್ಲಿ ಕಡತ ಅಳಿಸುವಿಕೆ ಮತ್ತು ಅನುಮತಿ

ಸರ್ವರ್‌ನಲ್ಲಿರುವ ಕಡತವೊಂದನ್ನು ಅಳಿಸಲು ಬಾರದಿದ್ದಾಗ ಹೆಚ್ಚಿನವರು ಮೊದಲು ನೋಡುವುದು ಆ ಕಡತದ ಅನುಮತಿಯನ್ನು. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಉತ್ತರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಡೈರೆಕ್ಟರಿ ಎಂದರೆ ಹೆಸರುಗಳ ಪಟ್ಟಿ. ಅಳಿಸುವುದೆಂದರೆ ಆ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುವುದು. ಹಾಗಾಗಿ ಬೇಕಾದದ್ದು ಡೈರೆಕ್ಟರಿಯನ್ನು ಪ್ರವೇಶಿಸುವ ಮತ್ತು ಅದರಲ್ಲಿ ಬರೆಯುವ ಹಕ್ಕು. ಈ ಹಕ್ಕಿದ್ದವರು ಓದಲಷ್ಟೇ ಬಿಟ್ಟಿರುವ ಪರರ ಕಡತವನ್ನೂ ಅಳಿಸಬಲ್ಲರು. ಇಲ್ಲದವರು ಸ್ವಂತ ಕಡತವನ್ನೂ ಅಳಿಸಲಾರರು. ಹಲವರು ಹಂಚಿಕೊಳ್ಳುವ ಡೈರೆಕ್ಟರಿಗೆ 'ಸ್ಟಿಕಿ ಬಿಟ್' ಎಂಬ ವಿಶೇಷ ಗುರುತು ಹಾಕಿದರೆ ಅಳಿಸುವ ಅಧಿಕಾರ ಕಡತದ ಒಡೆಯ, ಡೈರೆಕ್ಟರಿಯ ಒಡೆಯ ಮತ್ತು ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನಿಗೆ ಸೀಮಿತವಾಗುತ್ತದೆ.

ತೊಡಕು ಕಂಡೊಡನೆ ಎಲ್ಲರಿಗೂ ಎಲ್ಲ ಹಕ್ಕು ನೀಡುವ 777 ಅನುಮತಿ ಕೊಟ್ಟುಬಿಡುವ ರೂಢಿ ಅಪಾಯಕಾರಿ. ಡೈರೆಕ್ಟರಿಗೆ ಅದನ್ನು ಕೊಟ್ಟರೆ ಯಾರ ಕಡತವನ್ನು ಯಾರು ಬೇಕಾದರೂ ಅಳಿಸಬಹುದು.

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ, ನೆಟ್‌ವರ್ಕ್ ಮೂಲಕ ಕಡತ ಹಂಚುವ ವ್ಯವಸ್ಥೆಯಾದ ಎನ್‌ಎಫ್‌ಎಸ್ ಇನ್ನೊಂದು ಸಿಕ್ಕನ್ನು ತಂದಿತು. ಯುನಿಕ್ಸ್‌ನಲ್ಲಿ ತೆರೆದಿರುವ ಕಡತವನ್ನು ಅಳಿಸಿದರೂ, ಅದನ್ನು ಹಿಡಿದಿರುವ ಪ್ರೋಗ್ರಾಂ ಮುಚ್ಚುವತನಕ ದತ್ತಾಂಶ ಡಿಸ್ಕಿನಲ್ಲೇ ಇರುತ್ತದೆ. ಆದರೆ ಎನ್‌ಎಫ್‌ಎಸ್‌ನ 2 ಮತ್ತು 3ನೇ ಆವೃತ್ತಿಯ ಸರ್ವರ್, ಕಡತವನ್ನು ಯಾರು ತೆರೆದಿದ್ದಾರೆಂಬ ಲೆಕ್ಕವನ್ನೇ ಇಡುವುದಿಲ್ಲ. ಆ ಕೊರತೆ ತುಂಬಲು ಕ್ಲೈಂಟ್ ಯಂತ್ರ ತೆರೆದಿರುವ ಕಡತವನ್ನು ಅಳಿಸುವ ಬದಲು ಅದರ ಹೆಸರನ್ನು, ಚುಕ್ಕಿ ಮತ್ತು 'ಎನ್‌ಎಫ್‌ಎಸ್' ಅಕ್ಷರಗಳಿಂದ ಶುರುವಾಗುವ ಅಡಗುಹೆಸರಿಗೆ ಬದಲಿಸುತ್ತದೆ. ಇದಕ್ಕೆ 'ಸಿಲ್ಲಿ ರಿನೇಮ್' ಎಂದು ಹೆಸರು. ಡೈರೆಕ್ಟರಿ ಖಾಲಿ ಕಂಡರೂ ಅಳಿಯುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಕಡತ ಹಿಡಿದಿರುವ ಪ್ರೋಗ್ರಾಂ ಓಡುತ್ತಿರುವುದು ಕ್ಲೈಂಟ್‌ನಲ್ಲಿ. ಆದ್ದರಿಂದ ತೆರೆದಿರುವ ಕಡತಗಳನ್ನು ಪಟ್ಟಿಮಾಡುವ ಎಲ್‌ಎಸ್‌ಒಎಫ್ ಆಜ್ಞೆಯನ್ನು ಸರ್ವರ್‌ನಲ್ಲಿ ಓಡಿಸಿ ಫಲವಿಲ್ಲ, ಆ ಕ್ಲೈಂಟ್‌ನಲ್ಲೇ ಓಡಿಸಬೇಕು. ಪ್ರೋಗ್ರಾಂ ನಿಂತರೆ ಅಡಗುಕಡತ ತಾನಾಗಿ ಹೋಗುತ್ತದೆ. ಕ್ಲೈಂಟ್ ನಡುವೆಯೇ ಕೆಟ್ಟುನಿಂತರೆ ಮಾತ್ರ ಅದು ಅನಾಥವಾಗಿ ಉಳಿಯುತ್ತದೆ.

ಎನ್‌ಎಫ್‌ಎಸ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಸರ್ವರ್ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಒಬ್ಬರೇ ಒಂದು ಯಂತ್ರದಲ್ಲಿ 1000, ಇನ್ನೊಂದರಲ್ಲಿ 1001 ಆಗಿದ್ದರೆ ತಮ್ಮದೇ ಕಡತಕ್ಕೆ ಪರಕೀಯರಾಗುತ್ತಾರೆ. ಕ್ಲೈಂಟ್‌ನ ರೂಟ್ ಬಳಕೆದಾರನನ್ನೂ ಸರ್ವರ್ ಸಾಮಾನ್ಯವಾಗಿ ಹಕ್ಕಿಲ್ಲದ 'ನೋಬಡಿ' ಎಂದೇ ಕಾಣುತ್ತದೆ.

ವಿಂಡೋಸ್ ಸರ್ವರ್‌ನಲ್ಲಿ ಹಂಚಿಕೆಯ ಅನುಮತಿ ಮತ್ತು ಅದರ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಅನುಮತಿ ಎರಡೂ ಅನ್ವಯಿಸುತ್ತವೆ; ಹೆಚ್ಚು ಬಿಗಿಯಾದುದೇ ನಿರ್ಣಾಯಕ. ಬೇರೊಬ್ಬರು ತೆರೆದಿಟ್ಟ ಕಡತವನ್ನು ವಿಂಡೋಸ್ ಸಾಮಾನ್ಯವಾಗಿ ಅಳಿಸಗೊಡುವುದಿಲ್ಲ. ತೆರೆದವರು ಯಾರೆಂಬುದು ಸರ್ವರ್‌ನ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲಿ ಸಿಗುತ್ತದೆ. ಅಲ್ಲಿಂದಲೇ ಬಲವಂತವಾಗಿ ಮುಚ್ಚಲೂಬಹುದು. ಆದರೆ ಅವರು ಇನ್ನೂ ಉಳಿಸದ ಕೆಲಸ ನಷ್ಟವಾಗಬಹುದಾದ್ದರಿಂದ ಮೊದಲು ಅವರಿಗೆ ತಿಳಿಸಬೇಕು.